ಮೂರನೇ ಬೆಂಚಿನಲ್ಲಿ ಕೂತಿದ್ದ ಅಮ್ಮ

"ಅಲ್ಲಿ ಅಕ್ಕಿ ಸಿಗುತ್ತಾ?"

ಆಫ್ರಿಕಾದ ಮಲಾವಿಗೆ ಹೋಗುತ್ತೇವೆ ಎಂದು ಹೇಳಿದ ದಿನ ಅಮ್ಮ ಕೇಳಿದ್ದು ಇದೊಂದೇ. ಚಿಕ್ಕಮಗಳೂರಿನ ವಿಜಯಪುರದ ಬಾಡಿಗೆ ಮನೆಯ ಹಿಂದಿನ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸಿಗುತ್ತಮ್ಮ, ಅಲ್ಲಿನವರು ಮುಸುಕಿನ ಜೋಳದ ಹಿಟ್ಟು ಜಾಸ್ತಿ ತಿನ್ನುತ್ತಾರೆ, ಆದರೆ ಅಕ್ಕಿಯೂ ಬೆಳೆಯುತ್ತಾರೆ ಎಂದೆ. "ಹಾಗಾದ್ರೆ ಸರಿ" ಎಂದಳು. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ಮಾತು ಅಲ್ಲಿಗೇ ಮುಗಿಯಿತು.

ಅದು 2009. ನಮ್ಮವರು ಲ್ಯಾಬ್ ಟೆಕ್ನಿಷಿಯನ್. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮಗಳಿಗೆ ಏಳು ವರ್ಷ. ದಕ್ಷಿಣ ಮಲಾವಿಯ ಒಂದು ಮಿಷನ್ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು ಬೇಕಾಗಿದ್ದರು. ಪಕ್ಕದ ಶಾಲೆಗೆ ಗಣಿತದ ಟೀಚರ್ ಬೇಕಾಗಿತ್ತು. ಅಲ್ಲಿಯ ಕ್ರೈಸ್ತ ಸಭೆ ಕೇಳಿತು, ಇಲ್ಲಿಯ ಸಭೆ ಕಳುಹಿಸಿತು.

ಮಿಷನರಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮೂರಲ್ಲಿ ಕೆಲವರ ಮುಖ ಬಿಗಿಯಾಗುತ್ತದೆ. ನನಗೆ ಅದು ಗೊತ್ತು. ಮತ ಬದಲಾಯಿಸೋಕೆ ಹೋದಿರಾ ಎಂದು ನೇರವಾಗಿ ಕೇಳಿದವರೂ ಇದ್ದಾರೆ. ಮಲಾವಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಆಗಲೇ ಕ್ರೈಸ್ತರು. ನಮಗಿಂತ ಗಟ್ಟಿಯಾಗಿ ಹಾಡುತ್ತಾರೆ, ನಮಗಿಂತ ಹೆಚ್ಚು ಹೊತ್ತು ಪ್ರಾರ್ಥನೆ ಮಾಡುತ್ತಾರೆ. ಅವರಿಗೆ ನಾವು ಹೊಸದಾಗಿ ಹೇಳಬೇಕಾದ ದೇವರ ಸುದ್ದಿ ಏನೂ ಇರಲಿಲ್ಲ. ಕೆಲಸ ಇತ್ತು. ಅದನ್ನು ಯೇಸುವಿನ ಹೆಸರಲ್ಲಿ ಮಾಡಬೇಕು ಅಂತ ನಮಗೆ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಹೊರಡುವ ಹಿಂದಿನ ಭಾನುವಾರ ಆರಾಧನೆಯ ಕೊನೆಗೆ ನಮ್ಮ ಪಾದ್ರಿ ಅಯ್ಯನವರು ನಮ್ಮಿಬ್ಬರನ್ನು ಮುಂದಕ್ಕೆ ಕರೆದರು. ನಾವು ಮೊಣಕಾಲೂರಿದೆವು. ಸಭೆಯ ಹಿರಿಯರು ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟರು. ಎಷ್ಟು ಕೈಗಳಿದ್ದವು ಎಂದರೆ ತಲೆ ಭಾರವಾಗಿ ಬಗ್ಗಿತು. ಆಮೇಲೆ ಹಾರ, ಫೋಟೋ, ಚಹಾ, ಉಪ್ಪಿಟ್ಟು. ಫೋಟೋ ಈಗಲೂ ನಮ್ಮ ಹಾಲ್‌ನಲ್ಲಿದೆ. ಅದರ ಅಂಚಿನಲ್ಲಿ, ಯಾರದೋ ಹೆಗಲ ಸಂದಿನಲ್ಲಿ, ಮೂರನೇ ಬೆಂಚು ಕಾಣುತ್ತದೆ. ಅಮ್ಮ ಕೂತಿದ್ದಾಳೆ. ತೊಡೆಯ ಮೇಲೆ ನನ್ನ ಮಗಳ ತಲೆ. ಮಗುವಿಗೆ ನಿದ್ದೆ ಬಂದಿತ್ತು. ಅಮ್ಮನ ತಲೆಯ ಮೇಲೆ ಯಾರ ಕೈಯೂ ಇಲ್ಲ.

ಆ ಫೋಟೋದಲ್ಲಿ ಅಮ್ಮನನ್ನು ನಾನು ಗಮನಿಸಿದ್ದು ಐದು ವರ್ಷ ಕಳೆದ ಮೇಲೆ.

ನಾವಿದ್ದದ್ದು ಥ್ಯೋಲೊ ಕಡೆ. ಬ್ಲಾಂಟೈರ್ ನಗರದಿಂದ ದಕ್ಷಿಣಕ್ಕೆ ಇಳಿದರೆ ಸಿಗುವ ಚಹಾ ತೋಟಗಳ ಸೀಮೆ. ಮೊದಲ ಬೆಳಿಗ್ಗೆ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ. ಕೆಂಪು ಮಣ್ಣಿನ ರಸ್ತೆ, ಸಿಲ್ವರ್ ಓಕ್ ಮರ, ಬುಟ್ಟಿ ಹೊತ್ತು ಸಾಲಾಗಿ ಹೋಗುವ ಹೆಂಗಸರು. ಅಪ್ಪ ಆಲ್ದೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ನಾನು ಬೆಳೆದದ್ದು ಕೂಲಿಯಾಳುಗಳ ಲೈನ್ ಮನೆಗಳ ಪಕ್ಕದಲ್ಲಿ. ಏಳು ಸಮುದ್ರ ದಾಟಿ ಹೋದರೂ ಎಸ್ಟೇಟಿಗೇ ಬಂದೆವಲ್ಲ ಎಂದು ನಮ್ಮವರಿಗೆ ಹೇಳಿದೆ. ದೂರದಲ್ಲಿ ಮುಲಾಂಜೆ ಬೆಟ್ಟ. 3,000 ಮೀಟರ್ ಮೀರಿದ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930.

ಕಾಫಿಗೂ ಅಲ್ಲೊಂದು ಕಥೆ ಇದೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕಥೆ ನಮ್ಮೂರಿನ ಮಕ್ಕಳಿಗೆಲ್ಲ ಬಾಯಿಪಾಠ. ಮಲಾವಿಗೆ ಕಾಫಿ ಬಂದದ್ದು 1878ರ ಸುಮಾರಿಗೆ, ಎಡಿನ್‌ಬರೊದ ಸಸ್ಯೋದ್ಯಾನದಿಂದ. ತರಿಸಿದವರು ಬ್ಲಾಂಟೈರ್ ಮಿಷನ್ನಿನವರು. ಇಲ್ಲಿ ಒಬ್ಬ ಸೂಫಿ, ಅಲ್ಲಿ ಪಾದ್ರಿಗಳು. ದೇವರ ಹೆಸರು ಹೇಳಿಕೊಂಡು ಹೊರಟವರ ಜೋಳಿಗೆಯಲ್ಲಿ ಬೀಜವೂ ಇರುತ್ತದೆ.

ಚಾಟಿಯೂ ಇರುತ್ತದೆ. ಅದನ್ನು ನನಗೆ ಕಲಿಸಿದ್ದು ನನ್ನ ಕ್ಲಾಸಿನ ಮಕ್ಕಳು. ಜನವರಿ 15 ಅಲ್ಲಿ ರಜೆ. ಚಿಲೆಂಬ್ವೆ ದಿನ. ಜಾನ್ ಚಿಲೆಂಬ್ವೆ ಆ ನಾಡಿನದೇ ಪಾದ್ರಿ. ಬಿಳಿಯರ ಎಸ್ಟೇಟುಗಳಲ್ಲಿ ಆಳುಗಳನ್ನು ದುಡಿಸಿಕೊಳ್ಳುತ್ತಿದ್ದ ರೀತಿಯ ವಿರುದ್ಧ 1915ರಲ್ಲಿ ದಂಗೆ ಎದ್ದು ಪ್ರಾಣ ಬಿಟ್ಟರು. ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದಕ್ಕೆ ಬಾಡಿಗೆಯಾಗಿ ಬಿಟ್ಟಿ ದುಡಿಯಬೇಕಿತ್ತು. ಅದಕ್ಕೆ ಥಂಗಾಟ ಎಂದು ಹೆಸರು. ದಂಗೆ ಎದ್ದದ್ದು ಯಾರ ಎಸ್ಟೇಟಿನಲ್ಲಿ ಗೊತ್ತಾ? ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಅವರ ಅಳಿಯನ ಮನೆತನದ್ದು. ಗುಲಾಮರ ವ್ಯಾಪಾರ ನಿಲ್ಲಬೇಕು ಎಂದು ಜೀವ ಸವೆಸಿದ ಲಿವಿಂಗ್‌ಸ್ಟನ್! ಲೈನ್ ಮನೆಗಳನ್ನು ನೋಡುತ್ತ ಬೆಳೆದ ನನಗೆ ಇದು ಎದೆಗೆ ನಾಟಿತು. ಅಂದಿನಿಂದ ಮಿಷನರಿ ಎಂದು ಯಾರಾದರೂ ನನ್ನನ್ನು ಹೊಗಳಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಭಾಷೆ ಕಲಿಯಲು ಎರಡು ವರ್ಷ ಹಿಡಿಯಿತು. ಚಿಚೆವಾದಲ್ಲಿ ಬೆಳಿಗ್ಗೆ ಸಿಕ್ಕವರನ್ನು "ಮ್ವಾಡ್ಜುಕಾ ಬ್ವಾಂಜಿ?" ಎಂದು ಕೇಳಬೇಕು. ಹೇಗೆ ಎದ್ದಿರಿ ಎಂದರ್ಥ. ಸಂಜೆಯ ಹೊತ್ತಿಗೆ "ಮ್ವಾಸ್ವೇರಾ ಬ್ವಾಂಜಿ?" ಹಗಲು ಹೇಗೆ ಕಳೆದಿರಿ ಅಂತ. ಅದನ್ನು ಕೇಳದೆ ಕೆಲಸದ ಮಾತಿಗೆ ಇಳಿದರೆ ಒರಟುತನ. ಊಟ ಆಯ್ತಾ ಎಂದು ಕೇಳದೆ ನಾವು ಮಾತು ಶುರು ಮಾಡುತ್ತೇವಾ? ಹಾಗೆಯೇ. ಬೀದಿಯ ಮಕ್ಕಳು ನಮ್ಮನ್ನು "ಅಮ್ವೆನ್ಯೆ" ಎಂದು ಕೂಗುತ್ತಿದ್ದರು. ಭಾರತದವರು ಅಂತ. ಭಾರತದವರೆಂದರೆ ಅಲ್ಲಿ ಅಂಗಡಿಯವರು. ಮೊದಲ ತಿಂಗಳು ಎಷ್ಟೋ ಜನ ನಮ್ಮ ಮನೆ ಬಾಗಿಲಿಗೆ ಬಂದು ಸಕ್ಕರೆ, ಸೋಪು ಇದೆಯಾ ಎಂದು ಕೇಳಿದ್ದುಂಟು.

ಕುರುಬನಿಗೆ ಅಲ್ಲಿ "ಎಂಬೂಸಾ" ಎನ್ನುತ್ತಾರೆ. ಸಭಾಪಾಲಕರಿಗೂ ಅದೇ ಮಾತು. ಯೆಹೋವನು ನನಗೆ ಕುರುಬನು ಎನ್ನುವ ಬೈಬಲಿನ 23ನೇ ಕೀರ್ತನೆ ಕೇಳುವಾಗ ಯೆಹೋವನೇ ನನ್ನ ಪಾದ್ರಿ ಎಂದಂತೆಯೂ ಕಿವಿಗೆ ಬೀಳುತ್ತದೆ. ನಮ್ಮ ಬಯಲುಸೀಮೆಯ ಕುರುಬರು ಬೇಸಿಗೆಯಲ್ಲಿ ಕಂಬಳಿ ಹೊದ್ದು, ರಸ್ತೆ ತುಂಬ ಕುರಿ ಹೊಡೆದುಕೊಂಡು ಬರುವುದು ನೆನಪಾಗುತ್ತಿತ್ತು. ಸಣ್ಣವಳಿದ್ದಾಗ ಆ ಕೀರ್ತನೆಯ ಕುರುಬ ನನಗೆ ಹಾಗೇ ಕಾಣುತ್ತಿದ್ದ. ಮುಖದ ತುಂಬ ದೂಳು, ಹೆಗಲ ಮೇಲೆ ಕುಂಟುವ ಮರಿ.

ಬ್ಲಾಂಟೈರ್‌ನಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಚರ್ಚ್ ಇದೆ. 1888ರಿಂದ 1891ರವರೆಗೆ ಕಟ್ಟಿದ್ದು. ಕಟ್ಟಿಸಿದ ಡೇವಿಡ್ ಕ್ಲೆಮೆಂಟ್ ಸ್ಕಾಟ್ ಕಟ್ಟಡದ ವಿದ್ಯೆ ಕಲಿತವರಲ್ಲ. ಅವರೇ ಆ ಸೀಮೆಯ ಮಾಂಗಾಂಜ ಭಾಷೆಗೆ ನಿಘಂಟು ಮಾಡಿದರು. ಅದು ಅಚ್ಚಾದದ್ದು 1892ರಲ್ಲಿ. ನಮ್ಮ ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಎರಡೇ ವರ್ಷದ ಅಂತರ! ಇದು ತಿಳಿದ ದಿನ ಖುಷಿಯಿಂದ ರಾತ್ರಿ ನಿದ್ದೆ ಬರಲಿಲ್ಲ. ಇಬ್ಬರು ಪಾದ್ರಿಗಳು, ಎರಡು ಖಂಡಗಳಲ್ಲಿ, ಒಂದೇ ಹೊತ್ತಿನಲ್ಲಿ ಕೂತು ಪರರ ಮಾತನ್ನು ಒಂದೊಂದಾಗಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಕಿಟ್ಟೆಲ್ ಅವರ ಮನೆಯ ಕಥೆ ಓದಿದೆ. ಹೆಂಡತಿ ಪೌಲಿನಾ 1864ರಲ್ಲಿ ತೀರಿಕೊಂಡರು. ಮುಂದೆ ಪೌಲಿನಾ ಅವರ ಸಹೋದರಿ ಜೂಲಿಯನ್ನೇ ಅವರು ಮದುವೆಯಾದರು. ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಆ ಪದಗಳನ್ನು ಕೂಡಿಹಾಕುವಾಗ ಅಡುಗೆ ಮಾಡಿದವರು, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದವರು, ಮಕ್ಕಳನ್ನು ಸುಮ್ಮನಿರಿಸಿದವರು ಎಲ್ಲಿದ್ದಾರೆ ಎಂದು ನನ್ನ ಮನಸ್ಸು ಹುಡುಕುತ್ತದೆ.

ದಿನದ ಬದುಕು ಹೀಗಿತ್ತು. ಬೆಳಿಗ್ಗೆ ಐದಕ್ಕೆ ಏಳುವುದು. ಕರೆಂಟ್ ಇದ್ದರೆ ನೀರು ಬಿಸಿ ಮಾಡುವುದು, ಇಲ್ಲದಿದ್ದರೆ ಇದ್ದಿಲ ಒಲೆ. ಒಂದು ಅಧ್ಯಾಯ ಓದಿ ಪ್ರಾರ್ಥನೆ. ನಮ್ಮವರು ಲ್ಯಾಬಿಗೆ, ನಾನು ಶಾಲೆಗೆ. ಸಂಜೆ ಸಂತೆಯಿಂದ ಕುಂಬಳದ ಕುಡಿ, ಟೊಮೆಟೊ, ಒಣ ಮೀನು. ಅಲ್ಲಿಯವರು ಕುಂಬಳದ ಎಲೆಗೆ ಶೇಂಗಾ ಪುಡಿ ಹಾಕಿ ಪಲ್ಯ ಮಾಡುತ್ತಾರೆ. ಒಮ್ಮೆ ತಿಂದರೆ ಬಿಡುವಂತಿಲ್ಲ. ಅದರ ಜೊತೆಗೆ ಎನ್ಸೀಮಾ. ಕುದಿಯುವ ನೀರಿಗೆ ಬಿಳಿ ಮುಸುಕಿನ ಜೋಳದ ಹಿಟ್ಟು ಹಾಕಿ ಮರದ ಹುಟ್ಟಿನಿಂದ ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ನಮ್ಮತ್ತೆ ಕಡೂರಿನ ಕಡೆಯವರು. ಮುದ್ದೆ ತಿರುವುವುದನ್ನು ಅವರಿಂದ ಕಲಿತಿದ್ದೆ. ಪಕ್ಕದ ಮನೆಯ ಅಜ್ಜಿ ನಾನು ಹುಟ್ಟು ಹಿಡಿದ ರೀತಿ ನೋಡಿ, ಈಕೆಗೆ ಯಾರೋ ಸರಿಯಾಗಿ ಕಲಿಸಿದ್ದಾರೆ ಎಂದರು. ಆ ಮಾತಿಗೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

2011ರಲ್ಲಿ ಪೆಟ್ರೋಲ್ ಸಿಗದೆ ಬಂಕುಗಳ ಮುಂದೆ ರಾತ್ರಿಯೆಲ್ಲ ಸಾಲು. ಮರುವರ್ಷ ಅಲ್ಲಿಯ ನಾಣ್ಯ ಕ್ವಾಚಾದ ಬೆಲೆ ಇಳಿಸಿದರು, ನಮ್ಮ ಕೈಗೆ ಬರುತ್ತಿದ್ದ ಹಣ ಕಣ್ಣೆದುರೇ ಕರಗಿತು. ಅದನ್ನೆಲ್ಲ ಹೇಗೋ ದಾಟಿದೆವು.

ದಾಟಲಾಗದ್ದು ಜನವರಿ, ಫೆಬ್ರುವರಿ. ಅವು ಮಳೆಯ ತಿಂಗಳು. ಹಳೇ ಮುಸುಕಿನ ಜೋಳ ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲಿ. ಹಸಿವೂ ಮಲೇರಿಯಾವೂ ಒಟ್ಟಿಗೆ ಬರುತ್ತವೆ. ಮಲೇರಿಯಾದ ರೋಗಾಣು ರಕ್ತದ ಕೆಂಪು ಕಣಗಳನ್ನೇ ಒಡೆದುಹಾಕುತ್ತದೆ. ಸಣ್ಣ ಮಕ್ಕಳಲ್ಲಿ ಒಂದೆರಡು ದಿನದಲ್ಲೇ ರಕ್ತ ನೀರಾಗುತ್ತದೆ. ಒಂದು ರಾತ್ರಿ ನಾಲ್ಕು ವರ್ಷದ ಹುಡುಗನನ್ನು ತಂದರು. ಅಂಗೈ ಕಾಗದದ ಹಾಗೆ ಬೆಳ್ಳಗಿತ್ತು. ನಮ್ಮವರು ಸ್ಲೈಡ್ ನೋಡಿದರು, ಗುಂಪು ನೋಡಿದರು. ಫ್ರಿಜ್‌ನಲ್ಲಿ ರಕ್ತ ಇರಲಿಲ್ಲ. ತಮ್ಮದು ಓ ಗುಂಪು. ತಾವೇ ಮಲಗಿ ಕೈ ಚಾಚಿದರು. ಬೆಳಗಿನ ಜಾವ ಹುಡುಗ ಹೋಗಿಬಿಟ್ಟ.

ಅಂದು ಸಂಜೆ ಪ್ರಾರ್ಥನೆಗೆ ಕೂತೆವು. ನಮ್ಮವರು ಬಾಯಿ ತೆರೆಯಲಿಲ್ಲ. ನಾನೇ ಕರ್ತರ ಪ್ರಾರ್ಥನೆ ಶುರು ಮಾಡಿದೆ. "ನಿನ್ನ ಚಿತ್ತ" ಎನ್ನುವಲ್ಲಿಗೆ ಬಂದು ಗಂಟಲು ಕಟ್ಟಿತು. ಮುಂದಕ್ಕೆ ಹೋಗಲಾಗಲಿಲ್ಲ. ಇಬ್ಬರೂ ದೀಪದ ಮುಂದೆ ಸುಮ್ನೆ ಕೂತೆವು. ಸುಮಾರು ಹದಿನೈದು ದಿನ ಅದೇ ಜಾಗದಲ್ಲಿ ನಿಲ್ಲುತ್ತಿದ್ದೆವು. ಆದರೂ ದಿನಾ ಕೂರುತ್ತಿದ್ದೆವು. ನಂಬಿಕೆ ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಹದಿನೈದು ದಿನ ನೆನಪಾಗುತ್ತದೆ. ಗಂಡ ಹೆಂಡತಿ ಜಗಳ ಆಡಿ ಮೂರು ದಿನ ಮಾತು ಬಿಟ್ಟದ್ದೂ ಇದೆ. ಆಗಲೂ ರಾತ್ರಿ ಒಬ್ಬರು ಪ್ರಾರ್ಥಿಸಿದರೆ ಇನ್ನೊಬ್ಬರು ಆಮೆನ್ ಅನ್ನುತ್ತಿದ್ದೆವು. ಆ ಆಮೆನ್ ಇಲ್ಲದಿದ್ದರೆ ನಮ್ಮ ಸಂಸಾರ ಅಲ್ಲಿ ಉಳಿಯುತ್ತಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಊರಿನ ಸಭೆಗೆ ಪ್ರಾರ್ಥನಾ ಪತ್ರ ಬರೆಯಬೇಕಿತ್ತು. ನಾನೇ ಬರೆಯುತ್ತಿದ್ದೆ. ಹೊಸ ಮೈಕ್ರೋಸ್ಕೋಪ್ ಬಂತು, ಎಷ್ಟು ಮಕ್ಕಳು ಪಾಸಾದರು, ದೇವರಿಗೆ ಸ್ತೋತ್ರ. ಆ ಹುಡುಗನ ಸುದ್ದಿ ಬರೆಯಲಿಲ್ಲ. ಜಗಳದ ಸುದ್ದಿಯಂತೂ ಇಲ್ಲವೇ ಇಲ್ಲ. ಬರೆಯಬೇಕಿತ್ತು. ಕಳುಹಿಸಿದವರು ಬೇಸರ ಮಾಡಿಕೊಂಡಾರು ಎಂದು ಹೆದರಿದೆ. ಈಗ ಹೊರಡುವ ಮಕ್ಕಳಿಗೆ ನಾನು ಹೇಳುವುದಿಷ್ಟೇ. ಪತ್ರದಲ್ಲಿ ನಿಜ ಬರೆಯಿರಿ. ನಿಮಗಾಗಿ ಮೊಣಕಾಲೂರುವವರಿಗೆ ನಿಮ್ಮ ನಿಜವಾದ ಕಷ್ಟ ಗೊತ್ತಿರಬೇಕು ಅಲ್ವಾ?

ಮಗಳಿಗೆ ಹತ್ತು ತುಂಬಿದಾಗ ಅವಳನ್ನು ಚಿಕ್ಕಮಗಳೂರಿಗೆ ಕಳುಹಿಸಿದೆವು. ಮಲಾವಿಯಲ್ಲಿ ಅವಳ ಶಾಲೆ ದೂರ, ಓದು ಹಿಂದೆ ಬೀಳುತ್ತಿತ್ತು, ವರ್ಷಕ್ಕೆ ಎರಡು ಸಲ ಮಲೇರಿಯಾ. ಕಾರಣಗಳೆಲ್ಲ ಸರಿಯಾಗಿದ್ದವು. ಅಮ್ಮ ಒಂದು ಮಾತೂ ಕೇಳದೆ ಒಪ್ಪಿಕೊಂಡಳು. ಆಗ ಅವಳಿಗೆ ಅರವತ್ತೆಂಟು. ಮಂಡಿ ನೋವು, ಸಕ್ಕರೆ ಕಾಯಿಲೆ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ, ಜಡೆ ಹಾಕಿ, ಶಾಲೆಯ ಗೇಟಿನ ತನಕ ಬಿಟ್ಟು ಬರುತ್ತಿದ್ದಳು. ಮಳೆಗಾಲದಲ್ಲಿ ಸ್ಕೂಲ್ ಯೂನಿಫಾರ್ಮ್ ಒಣಗದೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸುತ್ತಿದ್ದಳಂತೆ. ಮಗಳ ಬಟ್ಟೆಗೆಲ್ಲ ಹೊಗೆಯ ವಾಸನೆ. ಫೋನಿನಲ್ಲಿ ಅವಳು ಅದನ್ನು ಹೇಳಿ ಅತ್ತಾಗ, ಅಷ್ಟಕ್ಕೆಲ್ಲ ಅಳಬಾರದು ಎಂದೆ. ಹಾಗೆ ಹೇಳಬಾರದಿತ್ತು.

ಘಟ್ಟದ ಕೆಳಗೆ ಮಂಗಳೂರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಬಂದದ್ದು 1834ರಲ್ಲಿ. ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಶಾಲೆ, ಇವೆಲ್ಲ ಎಲ್ಲರಿಗೂ ಗೊತ್ತು. ಅವರ ಮಕ್ಕಳ ವಿಷಯ ನಾನು ಓದಿದ್ದು ಊರಿಗೆ ಬಂದ ಮೇಲೆ. ಮಿಷನರಿಗಳ ಮಕ್ಕಳಿಗಾಗಿ 1853ರಲ್ಲಿ ಬಾಸೆಲ್‌ನಲ್ಲಿ ಒಂದು ಮನೆ ತೆರೆದರು. ಮಗುವಿಗೆ ಆರು ವರ್ಷದ ಹೊತ್ತಿಗೆ ಹಡಗು ಹತ್ತಿಸಿ ಅಲ್ಲಿಗೆ ಕಳುಹಿಸಿಬಿಡಬೇಕು. ಮತ್ತೆ ಅಪ್ಪ ಅಮ್ಮನನ್ನು ನೋಡುವುದು ಎಷ್ಟೋ ವರ್ಷ ಬಿಟ್ಟು. ಕೆಲವರು ನೋಡಲೇ ಇಲ್ಲ. ಮದುವೆಗೂ ಮೇಲಿನವರ ಅಪ್ಪಣೆ ಬೇಕಿತ್ತು. ಮುಖ ನೋಡದ ಗಂಡನನ್ನು ಹುಡುಕಿಕೊಂಡು ಎಷ್ಟೋ ಹುಡುಗಿಯರು ಸಮುದ್ರ ದಾಟಿ ಬಂದರು. ಬಂದು, ಹೆತ್ತು, ಆರು ವರ್ಷ ಸಾಕಿ, ಮಗುವನ್ನು ಅದೇ ಸಮುದ್ರಕ್ಕೆ ಒಪ್ಪಿಸಿ ದಡದಲ್ಲಿ ನಿಂತರು. ಓದುತ್ತ ಪುಸ್ತಕ ಮುಚ್ಚಿಟ್ಟೆ. ನನ್ನ ಮಗಳಿಗೆ ಅಜ್ಜಿಯ ಮಡಿಲಾದರೂ ಇತ್ತು.

ಅಮ್ಮ ಹೋದದ್ದು 2014ರ ಜುಲೈಯಲ್ಲಿ.

ಥ್ಯೋಲೊ ಕಡೆ ಜೂನ್ ಜುಲೈ ಎಂದರೆ ಚಿಪೆರೋನಿ. ಚಳಿಗಾಲದ ಸೋನೆ, ಮಂಜು. ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಅದೇ ತಿಂಗಳು ನಮ್ಮಲ್ಲೂ ಮಳೆ ಹಿಡಿದಿರುತ್ತದೆ. ಆ ಎರಡು ತಿಂಗಳು ನನಗೆ ಊರು ತುಂಬ ಹತ್ತಿರ ಇದೆ ಅನ್ನಿಸುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಬಂತು. ಊರಿನಲ್ಲಿ ಏಳೂವರೆ. ಮೈಸೂರಿನಿಂದ ಅಣ್ಣ. "ಅಮ್ಮ ರಾತ್ರಿ ನಿದ್ದೆಯಲ್ಲೇ ಹೋದಳು ಕಣೇ. ನೀನು ಬರೋಕಾಗುತ್ತಾ?" ಲೆಕ್ಕ ಹಾಕಿದೆ. ಬ್ಲಾಂಟೈರ್‌ನಿಂದ ಮುಂದಿನ ವಿಮಾನ ಎರಡು ದಿನ ಬಿಟ್ಟು. ಆಮೇಲೆ ಅಡಿಸ್ ಅಬಾಬ, ಮುಂಬೈ, ಬೆಂಗಳೂರು, ರಸ್ತೆ. ಇಡಬೇಡಿ, ಮಣ್ಣು ಮಾಡಿ ಎಂದೆ. ನಾಳೆ ಮಧ್ಯಾಹ್ನ ಮೂರಕ್ಕೆ ಎಂದ ಅಣ್ಣ.

ಬೆಳಕು ಹರಿಯುವ ಮೊದಲೇ ಪಕ್ಕದ ಮನೆಯ ಅಜ್ಜಿ ಬಂದರು. ನನ್ನ ಅಳು ಗೋಡೆಯಾಚೆ ಕೇಳಿಸಿತ್ತಂತೆ. "ಒಡಿ" (ಒಳಗೆ ಬರಲಾ) ಎಂದು ಬಾಗಿಲಲ್ಲಿ ಕೂಗಿ, ಉತ್ತರಕ್ಕೂ ಕಾಯದೆ ಒಳಗೆ ಬಂದರು. ಬಂದವರೇ ನಮ್ಮ ಹಾಲ್‌ನ ಕುರ್ಚಿಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದರು. ನೆಲಕ್ಕೆ ಚಾಪೆ ಹಾಸಿದರು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಚಿತೆಂಜೆ ಬಟ್ಟೆಯನ್ನು ಹೆಗಲಿಗೆ ಹೊದಿಸಿದರು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬರತೊಡಗಿದರು. ಮಂಜಿನಲ್ಲಿ ನೆನೆದು ಬಂದವರು. ಒಳಗೆ ಬರುವ ಮುಂಚೆ ಮೊಣಕಾಲೂರಿ "ಪೆಪಾನಿ, ಮಯಿ" ಎನ್ನುತ್ತಿದ್ದರು. ಮಯಿ ಎಂದರೆ ಅಮ್ಮ. ಪೆಪಾನಿ ಎಂದರೆ ಕ್ಷಮಿಸಿ. ಅಯ್ಯೋ ಪಾಪ ಎಂದೂ ಹೌದು. ಯಾರಾದರೂ ಎಡವಿದರೂ ಪೆಪಾನಿ, ಯಾರದಾದರೂ ತಾಯಿ ಸತ್ತರೂ ಪೆಪಾನಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ತಟ್ಟೆ. ತಟ್ಟೆಯಲ್ಲಿ ಹಿಟ್ಟು. ಮೂಲೆಯಲ್ಲಿಟ್ಟ ಬೇಸಿನ್‌ಗೆ ಸುರಿದು ಚಾಪೆಯ ಮೇಲೆ ಕೂರುತ್ತಿದ್ದರು.

ಹೆಣ ಇಲ್ಲದ ಸಾವಿನ ಮನೆ ಅದು. ಸತ್ತವಳನ್ನು ಅವರು ಯಾರೂ ನೋಡಿಲ್ಲ. ಅವಳ ಊರ ಹೆಸರು ಹೇಳಲೂ ಅವರಿಗೆ ಬಾರದು. ಆದರೂ ಸುಮಾರು ನಲವತ್ತು ಹೆಂಗಸರು ಬಂದರು. ಸಭೆಯ ಹೆಂಗಸರ ಕೂಟಕ್ಕೆ ಅಲ್ಲಿ ಮ್ವಾನೊ ಎನ್ನುತ್ತಾರೆ. ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ಹೊಂದಿಕೊಳ್ಳುವುದು ಎಂಬ ಅರ್ಥ. ನಮ್ಮಲ್ಲಿ ಸ್ತ್ರೀ ಅನ್ಯೋನ್ಯ ಕೂಟ ಅನ್ನುತ್ತೇವಲ್ಲ, ಹಾಗೆಯೇ. ರಾತ್ರಿಯೂ ಅವರು ಹೋಗಲಿಲ್ಲ. ಹನ್ನೆರಡು ಜನ ನನ್ನ ಸುತ್ತ ಅದೇ ಚಾಪೆಯಲ್ಲಿ ಮಲಗಿದರು. ಹೊರಗೆ ಗಂಡಸರು ಬೆಂಕಿ ಹಾಕಿಕೊಂಡು ನಮ್ಮವರ ಜೊತೆ ಕೂತಿದ್ದರು. ಯಾರೋ ಒಬ್ಬರು ಹಾಡು ಎತ್ತುವುದು, ಉಳಿದವರು ಸೇರುವುದು, ಮತ್ತೆ ಮೌನ. ನನಗೆ ಸಮಾಧಾನ ಹೇಳಲು ಯಾರೂ ವಾಕ್ಯ ಓದಲಿಲ್ಲ. ದೇವರ ಚಿತ್ತ ಎಂದೂ ಅನ್ನಲಿಲ್ಲ. ಕೂತರು, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಅಜ್ಜಿ ಕೇಳಿದರು, "ನಿಮ್ಮಲ್ಲಿ ಮಣ್ಣು ಎಷ್ಟು ಹೊತ್ತಿಗೆ?" ಊರಿನ ಮೂರು ಗಂಟೆ ಎಂದರೆ ಅಲ್ಲಿ ಹನ್ನೊಂದೂವರೆ. ಆ ಹೊತ್ತಿಗೆ ಎಲ್ಲರೂ ಎದ್ದು ನಿಂತರು. ಹಾಡಿದರು. ಒಂದಾದ ಮೇಲೊಂದು ಹಾಡು, ಅಣ್ಣನ ಫೋನ್ ಬರುವ ತನಕ. "ಆಯ್ತು" ಎಂದ. ಅವನ ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಆಮೇಲೆ ಹೇಳಿದ, "ನಿನ್ನ ಮಗಳು ಮೂರು ಹಿಡಿ ಮಣ್ಣು ಹಾಕಿದಳು. ಮತ್ತೆ ಮೂರು ಹಾಕಿದಳು. ಯಾಕೆ ಅಂದ್ರೆ, ಇದು ಅಮ್ಮಂದು ಅಂದಳು." ಹನ್ನೆರಡು ವರ್ಷದ ಹುಡುಗಿ. ಊರಿನಲ್ಲಿ ಎದುರು ಮನೆಯ ಲಿಂಗಾಯತರು ಅನ್ನ ಸಾರು ಮಾಡಿ ತಂದರಂತೆ. ಹಿಂದಿನ ಬೀದಿಯ ಮುಸ್ಲಿಂ ಮನೆಯವರು ದೊಡ್ಡ ಪಾತ್ರೆಯಲ್ಲಿ ಚಹಾ ತಂದು ಬಂದವರಿಗೆಲ್ಲ ಕೊಟ್ಟರಂತೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ. ನನಗೂ ಅವತ್ತು ನನ್ನ ಒಲೆ ಮುಟ್ಟಲು ಬಿಡಲಿಲ್ಲ. ಆ ತಟ್ಟೆಗಳ ಹಿಟ್ಟಿನಲ್ಲೇ ಅಂಗಳದಲ್ಲಿ ಎನ್ಸೀಮಾ ಮಾಡಿದರು. ಅಜ್ಜಿ ತುತ್ತು ಮುರಿದು ನನ್ನ ಬಾಯಿಗಿಟ್ಟರು.

ಅಂದು ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಅಮ್ಮನ ಫೋಟೋ ಹುಡುಕಿದೆ. ಆಗ ಕಂಡದ್ದು ಆ ಮೂರನೇ ಬೆಂಚು.

ವರ್ಷಾಂತ್ಯಕ್ಕೆ ಊರಿಗೆ ಬಂದು ಮನೆ ಖಾಲಿ ಮಾಡುವಾಗ ಅಡುಗೆಮನೆಯ ಶೆಲ್ಫಿನಲ್ಲಿ ಬೋರ್ನ್‌ವಿಟಾ ಡಬ್ಬಿ ಸಿಕ್ಕಿತು. ಅದು ಹಿಡಿ ಅಕ್ಕಿಯ ಡಬ್ಬಿ. ಅನ್ನಕ್ಕಿಡುವಾಗೆಲ್ಲ ಅಮ್ಮ ಒಂದು ಹಿಡಿ ಅಕ್ಕಿ ತೆಗೆದು ಅದರಲ್ಲಿ ಹಾಕುತ್ತಿದ್ದಳು. ಮಿಜೋರಾಂನ ಸಭೆಗಳಲ್ಲಿ ಇದು 1910ರಿಂದ ನಡೆದು ಬಂದಿದೆ, ಹೆಂಗಸರು ಹೀಗೆ ತೆಗೆದಿಟ್ಟ ಅಕ್ಕಿಯಿಂದಲೇ ಎಷ್ಟೋ ಜನ ಮಿಷನರಿಗಳನ್ನು ಕಳುಹಿಸಿದ್ದಾರೆ. ನಮ್ಮ ಸಭೆಯ ಹೆಂಗಸರೂ ತಿಂಗಳಿಗೊಮ್ಮೆ ಡಬ್ಬಿ ತಂದು ಅಳೆದು ಮಾರಿ ಹಣ ಕೂಡಿಸುತ್ತಿದ್ದರು. ನಮ್ಮ ವಿಮಾನದ ಟಿಕೆಟ್ಟಿನಲ್ಲಿ ಆ ಡಬ್ಬಿಯ ಅಕ್ಕಿಯೂ ಇತ್ತು. ಮುಚ್ಚಳ ತೆಗೆದೆ. ಅರ್ಧ ಡಬ್ಬಿ ಅಕ್ಕಿ, ನುಸಿ ಬಿದ್ದಿತ್ತು. ಮೇಲೆ ಅಮ್ಮನ ಬೆರಳಿನ ಗುರುತು ಇರಬಹುದು ಎಂದು ನೋಡಿದೆ. ಹುಚ್ಚು ಯೋಚನೆ.

ನಾವು 2019ರಲ್ಲಿ ಪೂರ್ತಿ ವಾಪಸ್ ಬಂದೆವು. ಮಗಳು ಅಜ್ಜಿ ಹೋದ ಮೇಲೆ ಮೈಸೂರಿನಲ್ಲಿ ಮಾವನ ಮನೆಯಲ್ಲಿ ಬೆಳೆದಳು. ಒಳ್ಳೆಯ ಹುಡುಗಿ. ಚರ್ಚಿಗೂ ಬರುತ್ತಾಳೆ. ಒಂದು ಸಂಜೆ ಪಾತ್ರೆ ತೊಳೆಯುತ್ತ ಹೇಳಿದಳು, "ನೀವಿಬ್ರೂ ದೇವರಿಗೆ ಎಲ್ಲಾ ಕೊಟ್ಟಿರಿ. ಅದರಲ್ಲಿ ನಾನೂ ಇದ್ದೆ. ನನ್ನನ್ನ ಕೇಳಿದ್ರಾ?" ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕೈಯೊರೆಸಿಕೊಂಡು ಅವಳ ಪಕ್ಕ ನಿಂತು ಪಾತ್ರೆ ಒರೆಸಿದೆ. ಹೋದದ್ದು ತಪ್ಪು ಎಂದು ನಾನು ಹೇಳಲಾರೆ. ಆ ಲ್ಯಾಬಿನಲ್ಲಿ ನಮ್ಮವರು ಕಲಿಸಿದ ಮೂವರು ಇವತ್ತೂ ಸ್ಲೈಡ್ ನೋಡುತ್ತಿದ್ದಾರೆ. ಆದರೆ ಹೋದವರು ನಾವಿಬ್ಬರೇ ಎಂದು ಆ ಭಾನುವಾರ ಇಡೀ ಸಭೆ ಅಂದುಕೊಂಡಿತ್ತು. ನಾವೂ ಅಂದುಕೊಂಡಿದ್ದೆವು.

ಕಳೆದ ತಿಂಗಳು ಈಗಿನ ಅಯ್ಯನವರು ಫೋನ್ ಮಾಡಿದರು. ನಮ್ಮ ಸಭೆಯಿಂದ ಒಂದು ಎಳೇ ಜೋಡಿ ಆಫ್ರಿಕಾದ ಇನ್ನೊಂದು ದೇಶಕ್ಕೆ ಹೊರಟಿದೆ, ಕಳುಹಿಸುವ ಆರಾಧನೆಯಲ್ಲಿ ನೀವು ಎರಡು ಮಾತಾಡಬೇಕು ಎಂದರು. ಮಾತು ಬೇಡ ಅಯ್ಯನವರೇ, ಒಂದು ಕೇಳ್ತೀನಿ, ಅವರ ಅಪ್ಪ ಅಮ್ಮಂದಿರನ್ನೂ ಮುಂದಕ್ಕೆ ಕರೆಯಿರಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇನಂತೆ ಅಮ್ಮ, ಕರೆಯೋಣ" ಎಂದರು.

ಕರೆದರು. ಹುಡುಗಿಯ ಅಪ್ಪ ಅಮ್ಮ ಮೂಡಿಗೆರೆಯಿಂದ ಬಂದಿದ್ದವರು, ಎದ್ದು ಹೋದರು. ಹುಡುಗನ ತಾಯಿ ಏಳಲಿಲ್ಲ. ಗಂಡ ಇಲ್ಲದ ಹೆಂಗಸು, ಟೈಲರಿಂಗ್ ಮಾಡಿ ಮಗನನ್ನು ಓದಿಸಿದವರು. ಸೆರಗು ಮುಖಕ್ಕೆ ಒತ್ತಿಕೊಂಡು ಕೂತೇ ಇದ್ದರು. ಪಕ್ಕದವರು ತಟ್ಟಿ ಎಬ್ಬಿಸಲು ನೋಡಿದರು. ಅವರು ತಲೆಯಾಡಿಸಿದರು. ಅಯ್ಯನವರು ಒಂದು ಕ್ಷಣ ನೋಡಿ, ಮೆಟ್ಟಿಲಿಳಿದು, ಬೆಂಚುಗಳ ನಡುವೆ ನಡೆದು ಅವರ ಹತ್ತಿರ ಬಂದರು. ಹಿಂದೆಯೇ ಮಗ, ಸೊಸೆ, ಬೀಗರು, ಹಿರಿಯರು. ಬೆಂಚುಗಳ ಸಂದಿ ಇಕ್ಕಟ್ಟು. ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ನಾನೂ ಎದ್ದು ಹೋದೆ. ಕೈ ಚಾಚಿದರೆ ಆ ತಾಯಿಯ ತನಕ ಎಟುಕಲಿಲ್ಲ. ಮುಂದೆ ನಿಂತಿದ್ದವರ ಹೆಗಲ ಮೇಲೆ ಕೈಯಿಟ್ಟು ನಿಂತೆ.